ಬೆನ್ನೆಲುಬಿನ ಆಚೆ ಈಚೆ: ಮೂರು ತಾಲೂಕುಗಳ ಪ್ರಾಣಿವರ್ಗಗಳು

ಬೆಳ್ತಂಗಡಿ ತಾಲೂಕಿನ ಕಾಡಂಚಿನ ತೋಟದವರನ್ನು ಕೇಳಿದರೆ ಮೂರು ಬಗೆಯ ಹಂದಿಯ ಹೆಸರು ಹೇಳುತ್ತಾರೆ: ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ. ಮೂರೂ ಕತ್ತಲಾದ ಮೇಲೆ ಹೊರಡುವವು, ಮೂರೂ ನೆಲ ಕೆದಕುವವು, ಮೂರಕ್ಕೂ ಗಿಡ್ಡ ಕಾಲು, ದುಂಡು ಮೈ. ಹೆಸರಿಟ್ಟವರು ನೋಡಿದ್ದು ಅಷ್ಟನ್ನೇ. ಪ್ರಾಣಿಶಾಸ್ತ್ರ ನೋಡುವುದು ಹಲ್ಲು, ಗೊರಸು, ಎಲುಬು, ಈಚೆಗೆ ಡಿಎನ್‌ಎ. ಆ ಲೆಕ್ಕದಲ್ಲಿ ಮೊದಲನೆಯದು ಮಾತ್ರ ಹಂದಿ. ಗೊರಸು ಸೀಳಿದ ಪ್ರಾಣಿಯಾದ್ದರಿಂದ ಅದರ ನೆಂಟಸ್ತಿಕೆ ಕಂಬಳದ ಕೋಣದ ಕಡೆಗೆ. ಮುಳ್ಳುಹಂದಿಯ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದು ದಂಶಕ, ತೆಂಗಿನ ಮರದ ಅಳಿಲಿಗೂ ಅಟ್ಟದ ಇಲಿಗೂ ದಾಯಾದಿ. ಚಿಪ್ಪುಹಂದಿಗೆ ಹಲ್ಲೇ ಇಲ್ಲ. ಉದ್ದ ನಾಲಿಗೆ ಚಾಚಿ ಇರುವೆ, ಗೆದ್ದಲು ನೆಕ್ಕಿ ನುಂಗುವ ಅದರ ಮೈಚಿಪ್ಪು ನಮ್ಮ ಉಗುರಿನಲ್ಲಿರುವ ಕೆರಾಟಿನ್ನಿನಿಂದಲೇ ಆದದ್ದು. ಇಂದು ಬದುಕಿರುವ ಪ್ರಾಣಿಗಳ ಪೈಕಿ ಅದಕ್ಕೆ ಹತ್ತಿರದವರು ನಾಯಿ, ಬೆಕ್ಕು, ಚಿರತೆಗಳ ಮಾಂಸಾಹಾರಿ ಗಣದವರು.

ಪ್ರಾಣಿ ವರ್ಗೀಕರಣದ ತಕರಾರೆಲ್ಲ ಇಲ್ಲೇ ಇದೆ. ಯಾವ ಹೋಲಿಕೆ ರಕ್ತಸಂಬಂಧದ ಗುರುತು, ಯಾವುದು ಬರೀ ಒಂದೇ ಕಸುಬು ಮಾಡುವವರ ಹೋಲಿಕೆ?

ಪ್ರಾಣಿ ಎಂದರೆ ಹಲವು ಕೋಶಗಳ, ಕೋಶದ ಸುತ್ತ ಗಟ್ಟಿ ಗೋಡೆಯಿಲ್ಲದ, ತನ್ನ ಅನ್ನವನ್ನು ತಾನೇ ಮಾಡಿಕೊಳ್ಳಲಾರದೆ ಬೇರೆ ಜೀವವನ್ನೋ ಅದು ಬಿಟ್ಟುಹೋದದ್ದನ್ನೋ ತಿಂದು ಬದುಕುವ ಜೀವಿ. ವಿಜ್ಞಾನ ಇದುವರೆಗೆ ಹೆಸರಿಟ್ಟ ಪ್ರಭೇದಗಳು ಸುಮಾರು 15 ಲಕ್ಷ. 1916ರಲ್ಲಿ ಆರಂಭವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಟ್ಟಿಯಲ್ಲಿ ಈ ದೇಶದ್ದೇ ಒಂದು ಲಕ್ಷಕ್ಕೂ ಹೆಚ್ಚು ಪ್ರಭೇದಗಳಿವೆ. ದೇಹದ ಮೂಲ ಕಟ್ಟಡ ನೋಡಿ ಇವನ್ನೆಲ್ಲ ಸುಮಾರು 35 ವಂಶಗಳಾಗಿ ವಿಂಗಡಿಸಿದ್ದಾರೆ. ಬೆನ್ನೆಲುಬಿನ ಪ್ರಾಣಿಗಳೆಲ್ಲ ಸೇರಿ ಅವುಗಳಲ್ಲಿ ಒಂದು ವಂಶದ ಒಂದು ಭಾಗ. ಎಣಿಕೆಯಲ್ಲಿ ನೂರಕ್ಕೆ ಐದರಷ್ಟು. ಚಾರ್ಮಾಡಿ ಘಟ್ಟದ ಬುಡದಿಂದ ನೇತ್ರಾವತಿಯ ಜಾಡು ಹಿಡಿದು ಬಂಟ್ವಾಳ, ಪಾಣೆಮಂಗಳೂರಿನವರೆಗೆ ಇಳಿದರೆ, ಉತ್ತರಕ್ಕೆ ಫಲ್ಗುಣಿಯನ್ನು ದಾಟಿ ಮೂಡುಬಿದಿರೆಗೆ ಬಂದರೆ, ಮುಖ್ಯ ಗುಂಪುಗಳಲ್ಲಿ ಬಹುತೇಕ ಎಲ್ಲವೂ ಕಣ್ಣಿಗೆ ಬೀಳುತ್ತವೆ. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಂದು ಅಂಚು ಬೆಳ್ತಂಗಡಿ ತಾಲೂಕಿನಲ್ಲೇ ಇದೆ.

ಮೂಡುಬಿದಿರೆಗೆ ವರ್ಗೀಕರಣ ಹೊಸ ವಿದ್ಯೆಯಲ್ಲ. ಜೈನಕಾಶಿ ಎನಿಸಿಕೊಂಡ ಆ ಊರು ಧವಳಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂತು. ಜೈನ ಶಾಸ್ತ್ರ ಜೀವಿಗಳನ್ನು ಇಂದ್ರಿಯಗಳ ಎಣಿಕೆಯಿಂದ ವಿಂಗಡಿಸುತ್ತದೆ. ಸ್ಪರ್ಶ ಒಂದೇ ಇರುವ ಗಿಡಮರಗಳು ಏಕೇಂದ್ರಿಯ. ಅದಕ್ಕೆ ರುಚಿ ಕೂಡಿದರೆ ಹುಳು, ಶಂಖ, ಜಿಗಣೆ. ವಾಸನೆಯೂ ಸೇರಿದರೆ ಇರುವೆ, ಹೇನು, ತಿಗಣೆ. ಕಣ್ಣು ಬಂದರೆ ನೊಣ, ದುಂಬಿ. ಕಿವಿಯೂ ಇದ್ದರೆ ಮೀನಿನಿಂದ ಮನುಷ್ಯನವರೆಗಿನ ಪಂಚೇಂದ್ರಿಯಗಳು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಈ ಮೆಟ್ಟಿಲು ಸ್ಪಷ್ಟವಾಗಿದೆ. ಇದು ಜಾತಿ ಪತ್ತೆಗಾಗಿ ಮಾಡಿದ ಪಟ್ಟಿಯಲ್ಲ, ಹಿಂಸೆಯ ತೂಕ ನೋಡಲು ಮಾಡಿದ್ದು. ನೀರನ್ನು ಸೋಸಿ ಕುಡಿಯುವುದು, ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವುದು ಎಲ್ಲವೂ ಈ ಲೆಕ್ಕದಿಂದ ಬಂದ ನಡವಳಿಕೆ. ಹೆಚ್ಚಿನ ಇರುವೆಗಳಿಗೆ ಕಣ್ಣಿದೆ ಎಂದು ಇಂದಿನ ಪ್ರಾಣಿಶಾಸ್ತ್ರ ತಕರಾರು ತೆಗೆಯಬಹುದು. ಆದರೂ ಮೈಯ ಒಂದೇ ಲಕ್ಷಣವನ್ನು ಹಿಡಿದು ಇಡೀ ಜೀವಲೋಕವನ್ನು ಸಾಲಾಗಿ ನಿಲ್ಲಿಸಿದ ಆ ಧೈರ್ಯ ಸಣ್ಣದಲ್ಲ.

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೇ ಆವೃತ್ತಿಯಲ್ಲಿ ಪ್ರಾಣಿಗಳನ್ನು ಆರು ವರ್ಗ ಮಾಡಿದ. ಸಸ್ತನಿ, ಹಕ್ಕಿ, ಮೀನು, ಕೀಟ ಬಹುಮಟ್ಟಿಗೆ ಸರಿಯಾಗಿಯೇ ಕೂತವು. ಕಪ್ಪೆ ಮತ್ತು ಹಾವನ್ನು ಒಂದೇ ಬುಟ್ಟಿಗೆ ಹಾಕಿದ. ಎರೆಹುಳು, ಶಂಖ, ನಕ್ಷತ್ರಮೀನು ಮುಂತಾಗಿ ಮಿಕ್ಕಿದ್ದಕ್ಕೆಲ್ಲ ‘ಹುಳುಗಳು’ ಎಂದ. ನತ್ತೆಯನ್ನು ಬಸವನಹುಳು ಎಂದ ನಮ್ಮವರಿಗಿಂತ ಅವನು ಈ ವಿಷಯದಲ್ಲಿ ಮುಂದೆ ಹೋಗಿರಲಿಲ್ಲ! ಬೆನ್ನೆಲುಬು ಇರುವವು, ಇಲ್ಲದವು ಎಂದು ಗೆರೆ ಎಳೆದವನು ಫ್ರಾನ್ಸಿನ ಲಾಮಾರ್ಕ್. ಶಾಲೆಯ ಪುಸ್ತಕದಲ್ಲಿ ಆ ಗೆರೆ ಇನ್ನೂ ಇದೆ. ಆದರೆ ‘ಅಕಶೇರುಕ’ ಎಂಬುದು ಒಂದು ಮನೆತನವಲ್ಲ, ಬೆನ್ನೆಲುಬಿಲ್ಲದ ನೂರು ಮನೆಗಳ ಪಟ್ಟಿ.

ಆ ಪಟ್ಟಿಯ ಬುಡದಲ್ಲಿ ಸ್ಪಂಜುಗಳಿವೆ. ಬಾಯಿಲ್ಲ, ಹೊಟ್ಟೆಯಿಲ್ಲ, ನರವಿಲ್ಲ. ಮೈತುಂಬ ರಂಧ್ರಗಳಿಂದ ನೀರು ಎಳೆದು, ಅದರಲ್ಲಿನ ಕಣಗಳನ್ನು ಸೋಸಿ ತಿನ್ನುತ್ತವೆ. ಹೆಚ್ಚಿನವು ಕಡಲಿನವು, ಪಶ್ಚಿಮ ಘಟ್ಟದ ತಿಳಿನೀರಿನ ಕಲ್ಲುಗಳ ಮೇಲೂ ಕೆಲವು ಬೆಳೆಯುತ್ತವೆ. ಕುಟುಕು ಕೋಶಗಳ ವಂಶದ್ದು ಹೈಡ್ರ: ಒಂದು ಚೀಲ, ಒಂದೇ ಬಾಯಿ, ಸುತ್ತ ಕರಬಳ್ಳಿಗಳು. ಕೆರೆಯ ನೀರೊಳಗಿನ ಗಿಡಕ್ಕೆ ಅಂಟಿಕೊಂಡಿರುವ ಅದನ್ನು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಮಾತ್ರ ನೆಟ್ಟಗೆ ನೋಡಲು ಸಾಧ್ಯ. ಅದರ ಬಳಗವಾದ ಅಂಬಲಿ ಮೀನು, ಹವಳ ನೋಡಲು ಕಡಲಿಗೇ ಹೋಗಬೇಕು.

ಕಡಲೇ ಊರಿಗೆ ಬರುವುದೂ ಉಂಟು. ಮಂಗಳೂರಿನ ದಕ್ಕೆಯಿಂದ ಹೊರಟು ಬಂಟ್ವಾಳದ ಒಳರಸ್ತೆಗಳಲ್ಲಿ ಹಾರ್ನ್ ಹೊಡೆಯುತ್ತ ಹೋಗುವ ಮೀನಿನ ಬೈಕಿನ ಪೆಟ್ಟಿಗೆಯಲ್ಲಿ ಬೂತಾಯಿ, ಬಂಗುಡೆಯ ಪಕ್ಕ ಬೊಂಡಾಸ್ (ಸ್ಕ್ವಿಡ್), ಎಟ್ಟಿ (ಸೀಗಡಿ), ಕೆಲವೊಮ್ಮೆ ತೊರಕೆ ಇರುತ್ತವೆ. ಮನೆಯವರಿಗೆ ಎಲ್ಲವೂ ‘ಮೀನು’. ವರ್ಗೀಕರಣದ ಪ್ರಕಾರ ಆ ಒಂದು ಪೆಟ್ಟಿಗೆಯಲ್ಲಿ ಮೂರು ವಂಶ. ಬೊಂಡಾಸ್ ನತ್ತೆಯ ಬಳಗದ ಮೃದ್ವಂಗಿ. ಎಟ್ಟಿ ಜೇಡ, ಜಿರಳೆಗಳ ಬಳಗದ ಸಂಧಿಪದಿ. ಬೂತಾಯಿ, ಬಂಗುಡೆ ಎಲುಬಿನ ಮೀನು. ತೊರಕೆಯೂ ಮೀನೇ, ಆದರೆ ಅದರೊಳಗೆ ಎಲುಬಿನ ಬದಲು ಬರೀ ಮೃದ್ವಸ್ಥಿ. ಮೀನಿನ ಬೈಕಿನಲ್ಲೂ ಬಾರದ ವಂಶ ಒಂದಿದೆ: ನಕ್ಷತ್ರಮೀನು, ಕಡಲ ಸೌತೆಗಳ ಕಂಟಕಚರ್ಮಿಗಳು. ಎಳೆಯದರಲ್ಲಿ ಎಡಬಲ ಸಮವಾಗಿದ್ದು ಬೆಳೆದ ಮೇಲೆ ಐದು ದಿಕ್ಕಿಗೆ ಚಾಚುವ ಇವುಗಳಲ್ಲಿ ಒಂದೇ ಒಂದು ಪ್ರಭೇದವೂ ಸಿಹಿನೀರಿನಲ್ಲಿ ಬದುಕುವುದಿಲ್ಲ. ತಮಾಷೆಯೆಂದರೆ, ಭ್ರೂಣ ಬೆಳೆಯುವ ರೀತಿ ನೋಡಿದರೆ ಬೆನ್ನೆಲುಬಿನ ನಮಗೆ ಇಡೀ ಅಕಶೇರುಕ ಲೋಕದಲ್ಲಿ ಹತ್ತಿರದ ಬಂಧುಗಳ ಸಾಲಿನಲ್ಲಿ ನಿಲ್ಲುವುದು ಜೇನಲ್ಲ, ಬೊಂಡಾಸ್ ಅಲ್ಲ, ಈ ನಕ್ಷತ್ರಮೀನು.

ಹುಳುಗಳು ಕನಿಷ್ಠ ಮೂರು ವಂಶ. ಚಪ್ಪಟೆಹುಳುಗಳಲ್ಲಿ ಲಾಡಿಹುಳುವಿನಂಥ ಪರೋಪಜೀವಿಗಳೇ ಹೆಸರುವಾಸಿ. ದುಂಡುಹುಳುಗಳಲ್ಲಿ ಆನೆಕಾಲು ರೋಗದ ಫೈಲೇರಿಯಾದಿಂದ ಮಣ್ಣಿನ ಕಣ್ಣಿಗೆ ಕಾಣದ ಜಂತುಗಳವರೆಗೆ ಇವೆ. ಮೈಯೆಲ್ಲ ಉಂಗುರ ಉಂಗುರವಾಗಿರುವ ವಲಯವಂತಗಳಲ್ಲಿ ಎರೆಹುಳುವೂ ಇದೆ, ಚಾರ್ಮಾಡಿಯಲ್ಲಿ ಮಳೆಗಾಲ ಕಳೆದವರೆಲ್ಲ ಮರೆಯಲಾರದ ಇಂಬಳವೂ ಇದೆ. ಇಂಬಳ ಹಿಂದಿನ ಹೀರುಬಟ್ಟಲನ್ನು ಎಲೆಗೆ ಊರಿ, ಮೈಯನ್ನು ನೆಟ್ಟಗೆ ನಿಲ್ಲಿಸಿ, ಮುಂದಿನ ತುದಿಯನ್ನು ಗಾಳಿಯಲ್ಲಿ ಆಡಿಸುತ್ತ ಕಾಯುತ್ತದೆ. ದಾರಿಹೋಕರ ಉಸಿರು, ಬಿಸಿ, ಹೆಜ್ಜೆಯ ಅದುರು ಸಿಕ್ಕರೆ ಸಾಕು. ಕಚ್ಚಿದ್ದು ತಿಳಿಯುವುದಿಲ್ಲ; ರಕ್ತ ಹೆಪ್ಪುಗಟ್ಟದಂತೆ ಅದು ಜೊಲ್ಲಿನಲ್ಲಿ ಬಿಟ್ಟುಹೋದ ವಸ್ತುವಿನಿಂದಾಗಿ, ಕುಡಿದು ಕಳಚಿಬಿದ್ದ ಮೇಲೂ ಗಾಯ ಒಸರುತ್ತಲೇ ಇರುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪು ತಾಗಿಸಿದರೆ ಬಿಡುತ್ತದೆ.

ಅಡಿಕೆ ಮರದ ಬುಡ ಬಿಡಿಸುವಾಗ ಒಂದೇ ಹಾರೆಯ ಮಣ್ಣಿನಲ್ಲಿ ಮೂರು ‘ಹುಳು’ ಹೊರಬೀಳುವುದುಂಟು. ಒಂದು ಎರೆಹುಳು: ಲೋಳೆ ಮೈ, ಉಂಗುರ, ಎಲುಬಿಲ್ಲ, ಉಸಿರಾಟ ಚರ್ಮದಿಂದಲೇ. ಇನ್ನೊಂದು ಕಪ್ಪಗೆ ಮಿರಿಮಿರಿ ಮಿಂಚುವ, ಬೂಟಿನ ದಾರದಷ್ಟು ಸಪೂರದ ಕುರುಡುಹಾವು: ಒಣ ಚರ್ಮ, ಒತ್ತೊತ್ತಾದ ಹುರುಪೆ. ಅದು ಸರೀಸೃಪ, ಗಂಡಿನ ಹಂಗಿಲ್ಲದೆ ಹೆಣ್ಣೇ ಮೊಟ್ಟೆಯಿಟ್ಟು ಹೆಣ್ಣನ್ನೇ ಹುಟ್ಟಿಸುವ ಅಪರೂಪದ ಹಾವು. ಮೂರನೆಯದನ್ನು ಗುರುತಿಸುವವರು ಕಡಿಮೆ. ಎರೆಹುಳುವಿನಂತೆ ಲೋಳೆ, ಎರೆಹುಳುವಿನಂತೆ ಉಂಗುರ. ಆದರೆ ಬಾಯಿ ಬಿಡಿಸಿದರೆ ಹಲ್ಲು, ಒಳಗೆ ಬೆನ್ನೆಲುಬು. ಅದು ಸಿಸಿಲಿಯನ್, ಕಾಲಿಲ್ಲದ ಉಭಯಚರ, ಕಪ್ಪೆಯ ದಾಯಾದಿ. ಹಲವು ಸಿಸಿಲಿಯನ್‌ಗಳ ತಾಯಿ ಒದ್ದೆ ಮಣ್ಣಿನಲ್ಲಿ ಮೊಟ್ಟೆಗಳಿಗೆ ಸುತ್ತಿಕೊಂಡು ಕಾವಲು ಕೂರುತ್ತದೆ. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯ ಗುರುಪುರದ ತೋಟವೊಂದರಲ್ಲಿ ಸಿಕ್ಕ ಸಿಸಿಲಿಯನ್ನಿಗೆ 1999ರಲ್ಲಿ ‘ಗೆಗೆನಿಯೋಫಿಸ್ ಕೃಷ್ಣಿ’ ಎಂಬ ಹೊಸ ಹೆಸರೇ ಬಂತು. ಹಾವೆಂದು ಹೆದರಿ ಹಾರೆಯಲ್ಲಿ ಕತ್ತರಿಸಿ ಹಾಕಿದವು ಇನ್ನೆಷ್ಟೋ.

ಮೃದ್ವಂಗಿಗಳ ಗುರುತು ಮೆತ್ತನೆ ಮೈ, ಅದನ್ನು ಮುಚ್ಚುವ ಹೊದಿಕೆ, ಆ ಹೊದಿಕೆ ಸ್ರವಿಸುವ ಚಿಪ್ಪು. ಕಡಲ ದಂಡೆಯ ಮರುವಾಯಿ, ಪಚ್ಚಿಲೆಗಳಿಗೆ ಎರಡು ಚಿಪ್ಪು, ನತ್ತೆಗೆ ಒಂದು ಸುರುಳಿ. ಬೊಂಡಾಸಿಗೆ ಚಿಪ್ಪು ಒಳಗೆ ಸೇರಿ ಪಾರದರ್ಶಕ ಗರಿಯಷ್ಟಾಗಿದೆ. ಎಲೆಅಡಿಕೆಯ ಸುಣ್ಣ, ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣದ ಸುಣ್ಣ ಈ ಕರಾವಳಿಯಲ್ಲಿ ಬಹುಕಾಲ ಬಂದದ್ದು ಚಿಪ್ಪು ಸುಟ್ಟೇ. ಅದೇ ಅಡಿಕೆ ತೋಟಕ್ಕೆ ಇದೇ ವಂಶದ ಆಫ್ರಿಕನ್ ದೈತ್ಯ ಬಸವನಹುಳು ಈಗ ಪೀಡೆ. 1847ರಲ್ಲಿ ಬೆನ್ಸನ್ ಎಂಬ ಚಿಪ್ಪುಪ್ರಿಯ ಆಂಗ್ಲ ಮಾರಿಷಸ್ಸಿನಿಂದ ಕಲ್ಕತ್ತಕ್ಕೆ ಒಂದೆರಡು ತಂದು ಬಿಟ್ಟದ್ದು ಅದರ ಭಾರತ ಪ್ರವೇಶ. ಒಂದೇ ಜೀವದಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ಎಲ್ಲವೂ ಮೊಟ್ಟೆ ಇಡುವವೇ, ಅದೂ ನೂರರ ಲೆಕ್ಕದಲ್ಲಿ.

ಎಣಿಕೆಯಲ್ಲಿ ಮಾತ್ರ ಈ ಭೂಮಿ ಸಂಧಿಪದಿಗಳದ್ದು. ಹೆಸರಿಟ್ಟ 15 ಲಕ್ಷದಲ್ಲಿ ಕೀಟಗಳೇ ಸುಮಾರು 10 ಲಕ್ಷ. ಎಲುಬು ಹೊರಗೆ, ಮಾಂಸ ಒಳಗೆ, ಕಾಲಿಗೆ ಗೆಣ್ಣು, ಬೆಳೆಯಬೇಕಾದರೆ ಹಳೆಯ ಕವಚ ಕಳಚಲೇಬೇಕು. ಬೇಸಿಗೆಯ ಕೊನೆಯಲ್ಲಿ ಮರದ ಕಾಂಡಕ್ಕೆ ಕಚ್ಚಿಕೊಂಡ, ಬೆನ್ನು ಬಿರಿದ ಜೀರುಂಡೆಯ ಖಾಲಿ ಕೋಟು ಅದಕ್ಕೆ ಸಾಕ್ಷಿ. ಕಾಲೆಣಿಸಿದರೆ ಒಳಗುಂಪು ತಿಳಿಯುತ್ತದೆ: ಕೀಟಕ್ಕೆ ಆರು, ಜೇಡ ಚೇಳಿಗೆ ಎಂಟು, ಏಡಿಗೆ ಇಕ್ಕುಳ ಸೇರಿ ಹತ್ತು. ಜರಿಗೆ ಉಂಗುರಕ್ಕೊಂದು ಜೊತೆ, ಮುಟ್ಟಿದರೆ ಚಕ್ಕುಲಿಯಾಗುವ ಸಹಸ್ರಪದಿಗೆ ಹೆಚ್ಚಿನ ಉಂಗುರಗಳಲ್ಲಿ ಎರಡು ಜೊತೆ. ಕೀಟಗಳಲ್ಲೂ ತುಡುವೆ, ಹೆಜ್ಜೇನು, ಕೋಲ್ಜೇನು, ಮುಜಂಟಿ ಎಂದು ಜೇನಿನ ನಾಲ್ಕು ಜಾತಿಯನ್ನು ಬೇರೆ ಬೇರೆ ಹೆಸರಿಟ್ಟು ಕರೆಯುವ ಜನ ಇಲ್ಲಿಯವರು. ಈ ವಿಂಗಡಣೆಯಲ್ಲಿ ಪ್ರಾಣಿಶಾಸ್ತ್ರ ತಿದ್ದುವಂಥದ್ದು ಏನೂ ಇಲ್ಲ.

ಗದ್ದೆಯ ಬದುವಿನ ಏಡಿಯನ್ನು ಮಳೆಗಾಲದಲ್ಲಿ ಮಗುಚಿ ನೋಡಿದ ಮಕ್ಕಳಿಗೆ ಒಂದು ಸಂಗತಿ ಗೊತ್ತಿರುತ್ತದೆ. ಹೆಣ್ಣಿನ ಹೊಟ್ಟೆಯಡಿಗೆ ಮಡಚಿದ ಅಗಲ ಮುಚ್ಚಳವಿದೆ. ಅದನ್ನು ಬಿಡಿಸಿದರೆ ಸಾಸಿವೆ ಚೆಲ್ಲಿದಂತೆ ಪುಟ್ಟ ಏಡಿಗಳು ಹೊರಬರುತ್ತವೆ. ಕಡಲೇಡಿಯ ಮರಿ ಏಡಿಯ ರೂಪಕ್ಕೆ ಬರುವ ಮುಂಚೆ ಹಲವು ಹಂತ ನೀರಿನಲ್ಲಿ ತೇಲಾಡಬೇಕು. ಗದ್ದೆಯ ಏಡಿ ಆ ಹಂತಗಳನ್ನೆಲ್ಲ ಮೊಟ್ಟೆಯೊಳಗೇ ಮುಗಿಸುತ್ತದೆ, ಏಡಿಯಾಗಿಯೇ ಹುಟ್ಟುತ್ತದೆ. ಕಡಲನ್ನು ಬಿಟ್ಟು ಗದ್ದೆಗೆ ಬಂದು ನೆಲೆಸಲು ಅದಕ್ಕೆ ದಾರಿಯಾದದ್ದು ಇದೇ.

ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರ ಚಿಟ್ಟೆ ಪಾರ್ಕ್ ಇದೆ. ಬಲೆ ಕಟ್ಟಿ ಕೂಡಿಹಾಕಿದ್ದಲ್ಲ. ಚಿಟ್ಟೆಗೆ ಬೇಕಾದ ಗಿಡ ಬೆಳೆಸಿ, ತಾವಾಗಿ ಬರುವಂತೆ ಮಾಡಿದ ಜಾಗ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್, ರೆಕ್ಕೆ ಬಿಚ್ಚಿದರೆ ಗೇಣಗಲದ ಕಪ್ಪು ಹಳದಿ ಚೆಲುವೆ, ಈಶ್ವರಿ ಬಳ್ಳಿಯ ಬಳಗದ ಗಿಡಬಳ್ಳಿಗಳಲ್ಲದೆ ಬೇರೆಲ್ಲೂ ಮೊಟ್ಟೆಯಿಡುವುದಿಲ್ಲ. ಬಳ್ಳಿ ಸರಿಯೇ ಎಂದು ಹೆಣ್ಣು ಎಲೆಯ ಮೇಲೆ ಕಾಲು ಬಡಿದು ಪರೀಕ್ಷಿಸುತ್ತದೆ. ಚಿಟ್ಟೆಗೆ ರುಚಿ ತಿಳಿಯುವುದು ಕಾಲಿನಲ್ಲಿ! ಇಂದ್ರಿಯ ಎಣಿಸಿದ ಹಳಬರಿಗೆ ಈ ಸಂಗತಿ ಹಿಡಿಸುತ್ತಿತ್ತು.

ಇನ್ನು ಬೆನ್ನೆಲುಬಿನ ಈಚೆ. ಇಲ್ಲಿಯ ಐದು ಮನೆಗಳನ್ನು ಹೃದಯದ ಕೋಣೆಯಿಂದ, ಚರ್ಮದ ಹೊದಿಕೆಯಿಂದ, ಮೊಟ್ಟೆಯ ಕವಚದಿಂದ ಗುರುತಿಸುವುದು ರೂಢಿ.

ಮೀನಿಗೆ ಕಿವಿರು, ರೆಕ್ಕೆ, ಎರಡು ಕೋಣೆಯ ಹೃದಯ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರ ದೇವಸ್ಥಾನದ ಮುಂದಿನ ಕಪಿಲಾ ಹೊಳೆಯಲ್ಲಿ, ಪೆರುವೋಳು ಎಂದು ಕರೆಯುವ ಮಹಶೀರ್ ಮೀನುಗಳ ಹಿಂಡಿದೆ. ದೇವರ ಮೀನು, ಹಿಡಿಯುವಂತಿಲ್ಲ. 1990ರ ದಶಕದಲ್ಲಿ ಯಾರೋ ನೀರಿಗೆ ವಿಷ ಹಾಕಿ ರಾಶಿ ರಾಶಿ ಮೀನು ಸತ್ತಾಗ ಊರವರು ಅವಕ್ಕೆ ಸ್ಮಾರಕವನ್ನೇ ಕಟ್ಟಿದರು. ಮೆಟ್ಟಿಲ ಮೇಲೆ ಹೆಜ್ಜೆ ಬಿದ್ದರೆ ಸಾಕು, ಹೊದ್ಲಿನ ಆಸೆಗೆ ಕಪ್ಪು ಬೆನ್ನುಗಳು ದಡಕ್ಕೆ ನುಗ್ಗುತ್ತವೆ. ಮಹಶೀರ್ ಗೆಂಡೆಯ ಬಳಗದ್ದು. ಈ ಬಳಗದ ಮೀನಿನ ಗಾಳಿಚೀಲದಿಂದ ಒಳಗಿವಿಗೆ ಪುಟ್ಟ ಎಲುಬುಗಳ ಸರಪಣಿ ಇದೆ. ಚೀಲಕ್ಕೆ ತಾಗಿದ ಸದ್ದು ನೇರ ಕಿವಿಗೆ ಹೋಗುತ್ತದೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಮೀನು ಹತ್ತುವ ‘ಉಬರ್’ ಹೊತ್ತಿನಲ್ಲಿ ಸಿಗುವ ಮುಗುಡು ಇನ್ನೊಂದು ಬಗೆ. ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಇರುವುದರಿಂದ ಬುಟ್ಟಿಯಲ್ಲಿ ಗಂಟೆಗಟ್ಟಲೆ ಮಿಸುಕಾಡುತ್ತಿರುತ್ತದೆ.

ಅದೇ ಮಳೆಗೆ ಗೋಂಕರು ಕಪ್ಪೆಯ ಗಂಡುಗಳು ರಾತ್ರಿ ಬೆಳಗಾಗುವುದರಲ್ಲಿ ನಿಂಬೆ ಹಳದಿಯಾಗಿ, ಗಂಟಲ ಎರಡೂ ಬದಿಗೆ ನೀಲಿ ಚೀಲ ಉಬ್ಬಿಸಿ ಗದ್ದೆಯಲ್ಲಿ ಕೂಗುತ್ತವೆ. ಉಭಯಚರದ ಚರ್ಮಕ್ಕೆ ಹುರುಪೆಯಿಲ್ಲ, ಮೊಟ್ಟೆಗೆ ಚಿಪ್ಪಿಲ್ಲ. ಎರಡಕ್ಕೂ ತೇವ ಬೇಕು. ಹೃದಯಕ್ಕೆ ಮೂರು ಕೋಣೆ. ಕಪ್ಪೆಯ ಕಾಲು ಒಂದು ಕಾಲಕ್ಕೆ ಹೊರದೇಶಕ್ಕೆ ಹೋಗುತ್ತಿತ್ತು. 1987ರಲ್ಲಿ ಆ ರಫ್ತು ನಿಷೇಧವಾಯಿತು. ಹೊಸ ಕಪ್ಪೆಗಳು ಇನ್ನೂ ಸಿಗುತ್ತಲೇ ಇವೆ: 2018ರಲ್ಲಿ ಮಂಗಳೂರಿನ ಕೈಗಾರಿಕಾ ಪ್ರದೇಶದಲ್ಲಿ ಸಿಕ್ಕ ಪುಟ್ಟ ಕಪ್ಪೆಗೆ ಊರಿನ ಕೊಂಕಣಿ ಹೆಸರು ಸೇರಿಸಿ ‘ಮೈಕ್ರೊಹೈಲಾ ಕೊಡಿಯಾಲ್’ ಎಂದರು.

ಸರೀಸೃಪ ನೀರಿನ ಹಂಗು ಹರಿದುಕೊಂಡಿತು: ಒಣ ಹುರುಪೆಯ ಚರ್ಮ, ಒಣನೆಲದಲ್ಲಿ ಇಡಬಹುದಾದ ಕವಚದ ಮೊಟ್ಟೆ. ತುಳುನಾಡಿನ ನಾಗಬನಗಳಲ್ಲಿ ಪೂಜೆಗೊಳ್ಳುವುದು ನಾಗರಹಾವು; ಘಟ್ಟದ ಬುಡದ ತೋಟಗಳಿಗೆ ಇಳಿದು ಬರುವ ಕಾಳಿಂಗ ಸರ್ಪ ಅದರ ಕುಲದ್ದಲ್ಲ, ಬೇರೆಯೇ ಕುಲ. ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟುವ ಹಾವು ಲೋಕದಲ್ಲಿ ಅದೊಂದೇ. ಏಷ್ಯಾದ ಕಾಳಿಂಗಗಳೆಲ್ಲ ಒಂದೇ ಎಂದುಕೊಂಡಿದ್ದ ವಿಜ್ಞಾನಿಗಳು 2024ರಲ್ಲಿ ಅವನ್ನು ನಾಲ್ಕು ಪ್ರಭೇದ ಮಾಡಿದರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ‘ಓಫಿಯೋಫೇಗಸ್ ಕಾಳಿಂಗ’. ಕನ್ನಡದ ಮಾತು ಲ್ಯಾಟಿನ್ನಿನ ಪಕ್ಕ ಹಾಗೆಯೇ ಕೂತಿತು.

ಹಕ್ಕಿಯ ಗುರುತಿಗೆ ಗರಿ ಒಂದೇ ಸಾಕು. ಇಂದು ಬದುಕಿರುವ ಬೇರೆ ಯಾವುದಕ್ಕೂ ಅದಿಲ್ಲ. ಟೊಳ್ಳು ಎಲುಬು, ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲಗಳು, ನಾಲ್ಕು ಕೋಣೆಯ ಹೃದಯ. ಘಟ್ಟದ ಮಂಗಟ್ಟೆಯ ಹೆಣ್ಣು ಮರದ ಪೊಟರೆ ಹೊಕ್ಕು, ಸೀಳಿನಷ್ಟು ಬಿಟ್ಟು ಬಾಯಿ ಮುಚ್ಚಿಕೊಳ್ಳುತ್ತದೆ; ಗಂಡು ವಾರಗಟ್ಟಲೆ ಆ ಸೀಳಿನಿಂದಲೇ ಹಣ್ಣು ತಂದು ಕೊಡುತ್ತದೆ. ವಂಶಾವಳಿಯಲ್ಲಿ ಹಕ್ಕಿ ಸರೀಸೃಪದ ಒಂದು ಕೊಂಬೆ: ಮೊಸಳೆಗೆ ಉಡಕ್ಕಿಂತ ಕೋಳಿಯೇ ಹತ್ತಿರ. ಕೋಳಿ ಎಂದಾಗ ತುಳುನಾಡಿನ ಕುಕ್ಕುಟ ಪಂಚಾಂಗವನ್ನು ಬಿಡುವಂತಿಲ್ಲ. ಒಂದೇ ಪ್ರಭೇದವನ್ನು ಪುಕ್ಕದ ಬಣ್ಣದಿಂದ ಹತ್ತಾರು ಬಗೆ ಮಾಡಿ, ಕೋಳಿ ಅಂಕದಲ್ಲಿ ಯಾವ ದಿನ ಯಾವ ಬಣ್ಣ ಗೆಲ್ಲುತ್ತದೆ ಎಂದು ಹೇಳುವ ಅದರಷ್ಟು ನುಣುಪಾದ ವರ್ಗೀಕರಣ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಫಲಿತಾಂಶದ ಹೊಣೆ ಪಂಚಾಂಗದ್ದಲ್ಲ.

ಹಾರುವುದನ್ನೇ ಗುರುತು ಮಾಡಿಕೊಂಡರೆ ಏನಾಗುತ್ತದೆ ಎಂದು ನೋಡಲು ಕಾಡಂಚಿನ ಅಡಿಕೆ ತೋಟದಲ್ಲಿ ಇಳಿಹೊತ್ತಿಗೆ ನಿಲ್ಲಬೇಕು. ಬಿಸಿಲಿರುವಾಗಲೇ ಒಂದು ಮರದಿಂದ ಇನ್ನೊಂದಕ್ಕೆ ಒಣ ಎಲೆಯಂತೆ ತೇಲಿ ಬಂದು ಅಂಟುವುದು ಹಾರುವ ಓತಿ. ಅದರ ರೆಕ್ಕೆಯ ಕಡ್ಡಿಗಳು ಪಕ್ಕೆಲುಬುಗಳು. ಚಾರ್ಮಾಡಿಯ ಆಚೆ ತುದಿಯ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ‘ಕರ್ವಾಲೊ’ ಕಾದಂಬರಿಯಲ್ಲಿ ಬೆನ್ನಟ್ಟಿದ್ದು ಇಂಥದ್ದೇ ಒಂದು ಓತಿಯನ್ನು. ಗೂಡಿಗೆ ಹಿಂದಿರುಗುವ ಹಕ್ಕಿಯ ರೆಕ್ಕೆ ಗರಿ ಹೊದ್ದ ತೋಳು. ಕತ್ತಲಾಗುತ್ತಲೇ ಹೊರಡುವ ಬಾವಲಿಯದು ಬೆರಳುಗಳ ನಡುವೆ ಬಿಗಿದ ಚರ್ಮ. ಕೈಕಾಲಿನ ನಡುವೆ ಚಾದರ ಹರಡಿ ಜಾರುವ ಹಾರುಬೆಕ್ಕು ಬೆಕ್ಕಲ್ಲ, ಅಳಿಲು. ದೀಪಕ್ಕೆ ಬರುವ ಪತಂಗದ ರೆಕ್ಕೆಯಲ್ಲಿ ಎಲುಬೂ ಇಲ್ಲ ಬೆರಳೂ ಇಲ್ಲ, ಹೊರಕವಚವೇ ಚಾಚಿಕೊಂಡದ್ದು. ಐದೂ ಗಾಳಿಗೆ ಬಿದ್ದವು, ಐದೂ ಬೇರೆ ಬೇರೆ ದಾರಿಯಿಂದ.

ಬಾವಲಿ, ಹಾರುಬೆಕ್ಕು ಎರಡೂ ಸಸ್ತನಿ: ಮೈಮೇಲೆ ಕೂದಲು, ಮರಿಗೆ ಹಾಲು, ನಡುಗಿವಿಯಲ್ಲಿ ಮೂರು ಪುಟ್ಟ ಎಲುಬು, ಎದೆ ಹೊಟ್ಟೆಯ ನಡುವೆ ವಪೆ. ಸುಮಾರು 6,500 ಪ್ರಭೇದಗಳ ಈ ಚಿಕ್ಕ ವರ್ಗದಲ್ಲಿ ಕುದುರೆಮುಖದ ಸಿಂಗಳೀಕ, ಕಾಟಿ, ಕಡವೆ, ತೋಟಕ್ಕೆ ನುಗ್ಗುವ ಆನೆ ಎಲ್ಲವೂ ಇವೆ. ಮೂಡುಬಿದಿರೆಯ ಕಡಲಕೆರೆಯ ಕಂಬಳದ ಕೋಣವೂ ಅದೇ ವರ್ಗ. ನಾಲ್ಕು ಕೋಣೆಯ ಹೊಟ್ಟೆಯ ಮೆಲುಕುಪ್ರಾಣಿ. ದನಕ್ಕಿಂತ ಅದಕ್ಕೆ ಬೆವರು ಗ್ರಂಥಿ ಕಡಿಮೆ, ಆದ್ದರಿಂದಲೇ ಕೆಸರು, ಕೆರೆ ಎಂದರೆ ಪ್ರಾಣ.

ಕಡಲಕೆರೆಯಿಂದ ಸ್ವಲ್ಪ ದೂರದಲ್ಲೇ 1430ರ ಸಾವಿರ ಕಂಬದ ಬಸದಿ ಇದೆ. ಅದರ ಭೈರಾದೇವಿ ಮಂಟಪದ ತಳಪಾಯದ ಕೆತ್ತನೆಯಲ್ಲಿ ಆನೆ, ಕುದುರೆಗಳ ಸಾಲಿನಲ್ಲಿ ಚೀನಾದ ಡ್ರ್ಯಾಗನ್ ಇದೆ, ಆಫ್ರಿಕದ ಜಿರಾಫೆಯೂ ಇದೆ. ಹಡಗಿನ ವ್ಯಾಪಾರದೊಂದಿಗೆ ಬಂದ ಸುದ್ದಿಯೋ ಚಿತ್ರವೋ ಶಿಲ್ಪಿಯ ಕೈಗೆ ಸಿಕ್ಕಿರಬೇಕು. ಡ್ರ್ಯಾಗನ್ ಯಾವ ವಂಶಕ್ಕೂ ಸೇರದು. ಜಿರಾಫೆಯದು ಗೊರಸು ಸೀಳಿದ, ಮೆಲುಕು ಹಾಕುವ ಮನೆತನ, ಎಂದರೆ ಕಂಬಳದ ಕೋಣದ್ದೇ. ಅಷ್ಟುದ್ದದ ಆ ಕತ್ತಿನಲ್ಲಿರುವುದು ಏಳೇ ಎಲುಬು. ಕೋಣದ ಕುತ್ತಿಗೆಯಲ್ಲೂ ಏಳು, ಚಿಪ್ಪುಹಂದಿಯದರಲ್ಲೂ ಏಳು, ಮಂಟಪದ ಮುಂದೆ ಕತ್ತೆತ್ತಿ ನಿಂತ ಪ್ರವಾಸಿಯದರಲ್ಲೂ ಏಳು.